ಮಗನ ವಿರುದ್ಧ ಗೌರಾಬಾಯಿ

ನನ್ನ ಹೆಸರು ಗೌರಾಬಾಯಿ, ಗಂಡ ದಿವಂಗತ ಧರ್ಮಣ್ಣ, ವಯಸ್ಸು 48, ಉದ್ಯೋಗ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಆರಿಸುವ ಕೂಲಿ, ಮೂಲ ಊರು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕು, ಸದ್ಯ ವಾಸ ಗುಲ್ಟೇಕಡಿ, ಪುಣೆ. ನನಗೆ ಮರಾಠಿ ಬರುತ್ತದೆ. ಆದರೆ ಈ ಸಂಗತಿ ಹೇಳಲು ಮರಾಠಿ ನಾಲಿಗೆಗೆ ಬರುತ್ತಿಲ್ಲ. ಆದ್ದರಿಂದ ಕನ್ನಡದಲ್ಲಿ ಹೇಳುತ್ತಿದ್ದು, ಕನ್ನಡ ಬಲ್ಲ ಹವಾಲ್ದಾರ ಮೋಹನದಾಸ್ ಇವರು ಬರೆದುಕೊಳ್ಳುತ್ತಿದ್ದಾರೆ. ಈ ಮೂಲಕ ತಿಳಿಸುವುದೇನೆಂದರೆ:

ಆರೋಪಿ ಮಾಂತು, ವಯಸ್ಸು 28, ಹಮಾಲಿ ಕೆಲಸ, ನನ್ನ ಒಬ್ಬನೇ ಮಗ. ಗಾಯಗೊಂಡ ಭಾಗ್ಯಾ, ವಯಸ್ಸು 23, ಅವನ ಹೆಂಡತಿ. ಮೂವರೂ ಒಂದೇ ಖೋಲಿಯಲ್ಲಿ ಇರುತ್ತೇವೆ. ಮದುವೆಯಾದ ವರ್ಷದಿಂದಲೇ ಅವನು ಅವಳಿಗೆ ಹೊಡೆಯುತ್ತಿದ್ದನು. ಶ್ರಾವಣದಿಂದ ಭಾಗ್ಯಾ ನಮ್ಮ ವಸ್ತಿಯ ಮಹಿಳಾ ಕೇಂದ್ರಕ್ಕೆ ಹೋಗುತ್ತಿದ್ದಳು. ಅಲ್ಲಿ ಹೊಲಿಗೆ ಕಲಿಸುತ್ತಾರೆ. ಮನೆಯಲ್ಲಿ ಹೊಡೆತ ತಿನ್ನುವವರು ಬಂದರೆ ಕೂರಿಸಿ ಮಾತು ಕೇಳುತ್ತಾರೆ. ಮಗನಿಗೆ ಹೊಲಿಗೆಯ ಸಂಗತಿಯಷ್ಟೇ ಗೊತ್ತಿತ್ತು.

ದಿನಾಂಕ 22-11-2025, ಶನಿವಾರ, ಮಧ್ಯಾಹ್ನ ಸುಮಾರು ಒಂದು ಗಂಟೆಗೆ ನಾನು ಕೆಲಸದಿಂದ ಬಂದಾಗ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಭಾಗ್ಯಾ ಒಳಗಿನಿಂದ "ಅತ್ತೀ, ಅತ್ತೀ" ಎಂದು ಕೂಗುತ್ತಿದ್ದಳು. ಮನೆಯ ಮಾತನ್ನು ಕೇಂದ್ರದಲ್ಲಿ ಹೇಳಿ ತನ್ನ ಮಾನ ಕಳೆದಳೆಂದು ಮಾಂತು ಬೈಯುತ್ತಿದ್ದನು. ನಾನು ಬಾಗಿಲು ಬಡಿದು, "ಮಾಂತ್ಯಾ, ತೆಗಿಯೋ, ಆಕಿ ಸಾಯ್ತಾಳೋ" ಎಂದೆನು. "ನೀ ನಡುವ ಬರಬ್ಯಾಡವ್ವ" ಎಂದನು. ನಂತರ ಅವಳ ಕೂಗು ನಿಂತಿತು. ಕೂಗುತ್ತಿದ್ದಾಗ ಇಲ್ಲದ ಹೆದರಿಕೆ ನನಗೆ ಆಗ ಹತ್ತಿತು.

ಎದುರು ಮನೆಯ ಸಾವಿತ್ರಿಬಾಯಿ ಇವರಲ್ಲಿಗೆ ಓಡಿದೆನು. ಅವರು ಕೇಂದ್ರದ ಸದಸ್ಯೆ. ಯಾರ ಮನೆಯಲ್ಲಿ ಹೊಡೆತದ ಸಪ್ಪಳ ಕೇಳಿದರೂ ಆ ಬಾಗಿಲ ಮುಂದೆ ನಿಂತು ಹೊಡೆತ ನಿಲ್ಲುವವರೆಗೆ ಊಟದ ತಾಟು ಬಡಿಯಬೇಕೆಂದು ಓಣಿಯ ಹೆಂಗಸರಲ್ಲಿ ಮಾತಾಗಿದೆ. ಬೇರೆಯವರ ಬಾಗಿಲಲ್ಲಿ ನಾನೂ ಬಡಿದಿದ್ದೇನೆ. ಸಾವಿತ್ರಿಬಾಯಿ ಒಲೆ ಆರಿಸಿ ಹೊರಗೆ ಬಂದು, "ಗೌರಕ್ಕ, ನಿಮ್ಮ ಮನಿ ಮುಂದ ಬಡೀಲೇನ್ರಿ?" ಎಂದು ಕೇಳಿದರು. "ಬಡೀರಿ" ಎಂದು ಹೇಳಿ ಅವರ ಮನೆಯ ತಾಟನ್ನೇ ನಾನೂ ಒಂದು ತೆಗೆದುಕೊಂಡೆನು.

ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಸೇರಿದರು. ಸ್ವಲ್ಪ ಹೊತ್ತಿಗೆ ಮಾಂತು ಬಾಗಿಲು ತೆಗೆದನು. ನನ್ನ ಕೈಯಲ್ಲಿದ್ದ ತಾಟನ್ನು ನೋಡಿದನು. ನನ್ನನ್ನು ಪಕ್ಕಕ್ಕೆ ನೂಕಿ ದೊಡ್ಡ ರಸ್ತೆಯ ಕಡೆಗೆ ಓಡಿದನು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಭಾಗ್ಯಾ ಗೋಡೆಗೆ ಒರಗಿ ಕುಳಿತಿದ್ದಳು. ಹುಬ್ಬು ಒಡೆದು ರಕ್ತ ಬರುತ್ತಿತ್ತು, ಎಡಗೈ ಮಣಿಕಟ್ಟು ಬಾತಿತ್ತು. ಲಟ್ಟಣಿಗೆಯಿಂದ ಹೊಡೆದನೆಂದು ತಿಳಿಸಿದಳು. ಅದನ್ನು ಠಾಣೆಗೆ ತಂದು ಕೊಟ್ಟಿದ್ದೇನೆ. ಅವಳನ್ನು ಹೆಂಗಸರು ಇಣುಕಿ ನೋಡುತ್ತಿದ್ದುದರಿಂದ ನಾನು ಬಾಗಿಲು ಮುಂದೆ ಮಾಡಲು ಹೋದಾಗ, "ಅತ್ತೀ, ಬಾಗಿಲಾ ಮುಚ್ಚಬ್ಯಾಡ್ರಿ" ಎಂದು ಚೀರಿದಳು.

ಸಾವಿತ್ರಿಬಾಯಿ ಫೋನು ಮಾಡಿದ್ದರಿಂದ ಕೇಂದ್ರದ ನೀಲಿಮಾ ಇವರು ರಿಕ್ಷಾದಲ್ಲಿ ಬಂದು ನಮ್ಮನ್ನು ಆಸ್ಪತ್ರೆಗೆ ಕರೆದೊಯ್ದರು. ಮಣಿಕಟ್ಟಿನ ಮೂಳೆ ಮುರಿದಿದೆ ಎಂದು ಡಾಕ್ಟರರು ಹೇಳಿ ಪ್ಲಾಸ್ಟರ್ ಹಾಕಿದರು. ಅಲ್ಲಿಂದ ನೀಲಿಮಾ ಇವರು ಭಾಗ್ಯಾಳನ್ನು ಹೆಂಗಸರ ಆಸರೆ ಮನೆಗೆ ಕರೆದೊಯ್ಯುವುದಾಗಿ ತಿಳಿಸಿದರು. ವಿಳಾಸವನ್ನು ಅತ್ತೆಗೆ ಮಾತ್ರ ಹೇಳಿರೆಂದು ಭಾಗ್ಯಾ ಕೇಳಿಕೊಂಡಳು. ನಾನೇ ಬೇಡವೆಂದೆನು. ಮಗ ಮುಂದೆ ಬಂದು ಅತ್ತರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ.

ಠಾಣೆಗೆ ಬಂದ ಮೇಲೆ ಕುಳಿತಲ್ಲಿ ಕೂರಲಾಗದೆ ಎದ್ದೆದ್ದು ಬಾಗಿಲಿಗೆ ಹೋಗಿದ್ದೇನೆ. ಅವನು ಬಂದಾನೆಂಬ ಹೆದರಿಕೆಯೋ, ಬರಲಿ ಎಂಬ ಆಸೆಯೋ ತಿಳಿಯದು. ಇದನ್ನೂ ಬರೆದುಕೊಳ್ಳಿರೆಂದು ಹೇಳಿದ್ದೇನೆ.

ಈ ಹೇಳಿಕೆ ಬರೆಯುತ್ತಿರುವಾಗ ಸಂಜೆ 6.40ಕ್ಕೆ ಮಾಂತುವಿನ ಫೋನು ಬಂತು. ಜೇಜುರಿಗೆ ಬಂದು ಗುಡಿಯ ಮೆಟ್ಟಿಲ ಕೆಳಗೆ ಇದ್ದೇನೆ, ಖಂಡೋಬನ ಭಂಡಾರದ ಅರಿಶಿಣ ಮುಟ್ಟಿ ಆಣೆ ಮಾಡುತ್ತೇನೆ, ಇನ್ನು ಕೈ ಎತ್ತುವುದಿಲ್ಲ, ಭಾಗ್ಯಾಳನ್ನು ಮನೆಗೆ ಕರೆಸು ಎಂದನು. ಹೋದ ವರ್ಷವೂ ಹೀಗೆಯೇ ಆಣೆ ಮಾಡಿದ್ದನು. "ಉಂಡೀಯೇನೋ?" ಎಂದು ಕೇಳಿದೆನು. ಇಲ್ಲವೆಂದನು. "ಉಂಡು ಅಲ್ಲೇ ಕುಂದರು, ಎಲ್ಲೂ ಹೋಗಬ್ಯಾಡ" ಎಂದೆನು. "ಹೂಂ ಅವ್ವ" ಎಂದನು. ಫೋನು ಇಟ್ಟು, ಅವನು ಜೇಜುರಿಯಲ್ಲಿ ಗುಡಿಯ ಮೆಟ್ಟಿಲ ಕೆಳಗೆ ಇದ್ದಾನೆಂದೂ ನೀಲಿ ಅಂಗಿ ಹಾಕಿದ್ದಾನೆಂದೂ ಹವಾಲ್ದಾರರಿಗೆ ತಿಳಿಸಿದೆನು.

ಭಾಗ್ಯಾ ತಾನಾಗಿ ಬರುತ್ತೇನೆ ಎನ್ನುವವರೆಗೆ ಯಾರೂ ಅವಳನ್ನು ರಾಜಿಗೆ ಕೂರಿಸಬಾರದೆಂದು ವಿನಂತಿ. ಮೇಲಿನದು ನಾನು ಕಂಡದ್ದು, ಕೇಳಿದ್ದು. ಓದಿಸಿ ಕೇಳಿದ್ದೇನೆ, ಸರಿಯಿದೆ. ಮಗನೆಂದು ಏನನ್ನೂ ಬಿಟ್ಟಿಲ್ಲ, ಸಿಟ್ಟಿನಿಂದ ಏನನ್ನೂ ಸೇರಿಸಿಲ್ಲ.

ಸ್ಥಳ: ಪುಣೆ
ದಿನಾಂಕ: 22-11-2025
ಗೌರಾಬಾಯಿ ಧರ್ಮಣ್ಣ ಇವರ ಎಡಗೈ ಹೆಬ್ಬೆರಳ ಗುರುತು