ಇವತ್ತಿನ ಮಾತು ನೀನು ಇಟ್ಕೋ

ಭಾವ, ಪುಟ್ಟಿ, ಸಂಸ್ಥೆಯ ಹಿರಿಯರೇ, ಗೆಳೆಯರೇ — ಎಲ್ಲರಿಗೂ ನಮಸ್ಕಾರ. ಏನು ಹೇಳಬೇಕೆಂದು ಯೋಚಿಸಿಕೊಂಡೇ ಬಂದಿದ್ದೆ. ಇಲ್ಲಿ ನಿಂತ ಮೇಲೆ ಅದೊಂದೂ ನೆನಪಿಗೆ ಬರುತ್ತಿಲ್ಲ. ಅಕ್ಕ ಇಲ್ಲವೆಂದು ನಂಬಲಾಗುತ್ತಿಲ್ಲ — ಈಗಲೂ ನಂಬಲಾಗುತ್ತಿಲ್ಲ.

ನಮ್ಮ ಪ್ರಯೋಗಾಲಯದ ಮುಖ್ಯಸ್ಥೆಯನ್ನು ನಾವ್ಯಾರೂ ಮೇಡಂ ಎನ್ನಲಿಲ್ಲ, ಅಕ್ಕ ಎಂದೆವು. ಅವರ ಯಜಮಾನರು ನಮಗೆಲ್ಲ ಭಾವ ಆದದ್ದು ಹಾಗೆ.

ಮಿದುಳಿಗೆ ರಕ್ತ ಹರಿಯುವುದು ನಿಂತರೆ ಗ್ಲುಟಮೇಟ್ ಎಂಬ ರಾಸಾಯನಿಕ ಮಿತಿಮೀರಿ ಸುರಿಯುತ್ತದೆ. ಅದನ್ನು ಹಿಡಿಯುವ ಗ್ರಾಹಕಗಳು, ಅಂದರೆ ಜೀವಕೋಶದ ಬಾಗಿಲುಗಳು, ತೆರೆದೇ ಉಳಿದು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಪಕ್ಕದ ಕೋಶ ಬದುಕುತ್ತದೆ. ಹೊಸ ನೆನಪು ಕಟ್ಟುವ ಕೋಶ ಸಾಯುತ್ತದೆ — ಅದೂ ಕೂಡಲೇ ಅಲ್ಲ, ಎರಡು ಮೂರು ದಿನ ಬಿಟ್ಟು. ಅವೇ ಏಕೆ? ಅಕ್ಕ ಇಡೀ ಆಯುಸ್ಸು ಕೇಳಿದ್ದು ಇದೊಂದೇ ಪ್ರಶ್ನೆ.

ಕಳೆದ ತಿಂಗಳು ಸೂಕ್ಷ್ಮದರ್ಶಕದ ಮುಂದೆ ಕುಳಿತಲ್ಲೇ ಕುಸಿದರು. ಹೃದಯ ನಿಂತಿತ್ತು. ಎದೆ ಒತ್ತಿದೆವು — ಹೀಗೆ — ಒಬ್ಬರಾದ ಮೇಲೆ ಒಬ್ಬರು. ಮರುದಿನ ಆಸ್ಪತ್ರೆಯಲ್ಲಿ ಕಣ್ಣುಬಿಟ್ಟು, ನನ್ನನ್ನು ನೋಡಿ, "ಪಕ್ಕೆಲುಬು ಮುರಿದೋನು ನೀನೇ ತಾನೆ?" ಎಂದರು. ನಕ್ಕೆವು. ಗೆದ್ದೆವು ಅಂದುಕೊಂಡೆವು.

"ಹೃದಯ ಎಷ್ಟು ಹೊತ್ತು ನಿಂತಿತ್ತು?" ಎಂದು ಕೇಳಿದರು. ಹೇಳಿದೆ. ಬೆರಳು ಮಡಚಿ ಲೆಕ್ಕ ಹಾಕಿದರು. ಆಮೇಲೆ, "ಹಾಗಾದ್ರೆ ಆ ಕೋಶಗಳು ಉಳಿಯಲ್ಲ. ನಾಳೆ ನಾಡಿದ್ದರಲ್ಲಿ ಹೋಗ್ತವೆ. ಪುಟ್ಟೀನ ಕರಿ, ಈಗ್ಲೇ."

"ಹಾಗೆಲ್ಲಾ ಮಾತಾಡ್ಬೇಡ" ಎಂದು ಭಾವ ಹೊದಿಕೆ ಸರಿಮಾಡಿದರು. ಮಗಳು ಓಡಿ ಬಂದಳು. "ನಾಳೆ ಮಾತಾಡೋಣಮ್ಮ, ಸುಸ್ತಾಗಿದ್ದೀಯ."

"ನಾಳೆ ನಾನಿರ್ತೀನಿ ಕಣೆ, ಇವತ್ತಿನ ಮಾತು ಇರಲ್ಲ. ಅದನ್ನ ನೀನು ಇಟ್ಕೋ. ಆಮೇಲೆ ಕೇಳಿದ್ದನ್ನೇ ಕೇಳ್ತೀನಿ. ಬೇಕಾದ್ರೆ ಬೈಯಿರಿ, ನಂಗೆ ನೆನಪಿರಲ್ಲ."

ಅಮ್ಮ ಮಗಳನ್ನಷ್ಟೇ ಬಿಟ್ಟು ನಾವು ಹೊರಗೆ ಬಂದೆವು.

ಅಕ್ಕ ಹೇಳಿದಂತೆಯೇ ಆಯಿತು. "ಪುಟ್ಟಿ, ಯಾವಾಗ ಬಂದೆ?" ಎನ್ನುವರು. ಅವಳು ನೀರು ತರಲು ಹೋಗಿಬಂದರೆ ಮತ್ತೆ, "ಯಾವಾಗ ಬಂದೆ?" ಪ್ರತಿಸಲವೂ ಅವಳು, "ಈಗ ತಾನೇ ಬಂದೆ ಅಮ್ಮ" ಎನ್ನುವಳು. ಪ್ರತಿಸಲವೂ ಅಕ್ಕನ ಮುಖ ಅರಳುತ್ತಿತ್ತು.

ಮಂಚದ ಪಕ್ಕ ನಿಂತಿದ್ದ ನಮಗೆ ಒಳಗೆ ಏನಾಗುತ್ತಿದೆ ಎಂಬುದು ಗೊತ್ತಿತ್ತು. ಇಲಿಗಳಲ್ಲಿ ಕೋಶದ ಆ ಬಾಗಿಲು ಮುಚ್ಚಿದ ಮದ್ದು ಮನುಷ್ಯರಲ್ಲಿ ಇನ್ನೂ ಫಲಿಸಿಲ್ಲ. ಗೊತ್ತಿತ್ತು — ಕೈಯಲ್ಲಿ ಏನೂ ಇರಲಿಲ್ಲ. ಮೊನ್ನೆ ಹೃದಯ ಮತ್ತೆ ನಿಂತಿತು. ಈ ಸಲ ಯಾರು ಒತ್ತಿದರೂ ಮಿಡಿಯಲಿಲ್ಲ.

ದಯವಿಟ್ಟು ಎಲ್ಲರೂ ಎದ್ದು, ಸ್ವಲ್ಪ ಹೊತ್ತು ಮೌನವಾಗಿ ನಿಲ್ಲೋಣ.

ಪುಟ್ಟಿ — ನೀನು ಕೂತಿರು ತಾಯಿ. ಇಷ್ಟು ದಿನ ನೀನೇ ನಿಂತಿದ್ದೀಯ.