ಈ ಸಲ ಒಬ್ಬರೇ ಸಾಕು

ರಕ್ತಪರೀಕ್ಷೆಯ ಸಾಲಿನಲ್ಲಿ ನನ್ನ ಮುಂದಿದ್ದ ಹಿರಿಯರು ಅಂಗಿಯ ತೋಳು ಮಡಚಿ ಕೂತರು. ನರ್ಸ್ ಪಟ್ಟಿ ಬಿಗಿದಳು.

"ಖುಷಿ ಪಡಿ ಅಂಕಲ್, ಈ ವರ್ಷ ಆಂಜಿಯೋಗ್ರಾಂ ಇಲ್ಲ. ರಕ್ತದಲ್ಲೇನಾದ್ರೂ ಸುಳಿವು ಸಿಕ್ರೆ ಮಾತ್ರ."

"ಕಸಿ ಮಾಡಿದ ಹೃದಯಕ್ಕೆ ನೋವೇ ಗೊತ್ತಾಗಲ್ಲ, ನಾಳ ಕಟ್ಕೊಂಡ್ರೂ ಸುಮ್ನಿರುತ್ತೆ ಅಂತಿದ್ರಲ್ಲ ಡಾಕ್ಟ್ರು?"

"ಅದಕ್ಕೇ ಈ ಹೊಸ ಪರೀಕ್ಷೆ."

"ಹಾಗಾದ್ರೆ ರಾತ್ರಿ ಇಲ್ಲೇ ಉಳಿಯೋದು?"

"ಬೇಡ."

"ಜೊತೆಗೆ ಮನೆಯವರೊಬ್ರು ಇರ್ಲೇಬೇಕು ಅಂತಿದ್ರಲ್ಲ?"

"ಅದೂ ಬೇಡ. ಇನ್ಮೇಲೆ ಒಬ್ರೇ ಬಂದು ಹೋಗ್ಬಹುದು."

ಸೂಜಿ ಒಳಗೆ ಹೋಯಿತು. ಅವರು ಮುಖ ತಿರುಗಿಸಲಿಲ್ಲ.

"ಮಗಳು ವರ್ಷಕ್ಕೆ ಇದೊಂದಕ್ಕೇ ಬರ್ತಾಳಮ್ಮ. ಆಂಜಿಯೋಗ್ರಾಂ ನಳಿಕೆ ಹಾಕಿದ ಕಾಲು ಅಲ್ಲಾಡಿಸ್ಬೇಡ ಅಂತ ರಾತ್ರಿಯೆಲ್ಲ ಬೈತಾ ಪಕ್ಕದಲ್ಲೇ ಕೂತಿರ್ತಾಳೆ."

"ಈ ಸಲವೂ ಬಂದಿದ್ದಾರಾ?"

"ಹೊರಗಿದ್ದಾಳೆ. ಹೊದಿಕೆ ಬೇರೆ ತಂದಿದ್ದಾಳೆ."

"ನಾನೇ ಹೇಳ್ಲಾ?"

"ಬೆಳಗ್ಗೆವರೆಗೂ ನನ್ನನ್ನ ಇಲ್ಲೇ ಇರಿಸ್ಕೋಬೇಕು ಅಂತ ಹೇಳ್ತೀಯಾ?"

"ಅಂಕಲ್, ಸುಳ್ಳು ಹೇಗೆ ಹೇಳ್ಲಿ?"

"ಹೋಗ್ಲಿ ಬಿಡು, ತಮಾಷೆಗಂದೆ."

ದೊಡ್ಡ ಚೀಲ ಹೊತ್ತ ಹೆಂಗಸೊಬ್ಬಳು ಬಾಗಿಲಲ್ಲಿ ಇಣುಕಿದಳು. "ಅಪ್ಪ, ಯಾವ ವಾರ್ಡಂತೆ?"

ಅವರು ಹತ್ತಿ ಒತ್ತಿಕೊಂಡು ಎದ್ದರು. ಇನ್ನೊಂದು ಕೈಯಲ್ಲಿ ಅವಳ ಚೀಲ ಇಸಿದುಕೊಂಡರು.

"ಮೊದಲು ಊಟ ಮಾಡೋಣ ಬಾ. ಆಮೇಲೆ ಕೇಳಿದ್ರಾಯ್ತು."