ಎರಡು ಬೆರಳಿನ ಸಂದು

ದೀಪ ಸ್ವಲ್ಪ ಸಣ್ಣದು ಮಾಡಿ, ಹೇಳುತ್ತೇನೆ. ಇದು ನನ್ನ ಚಿಕ್ಕಪ್ಪನ ಮಗ ಹೆನಿಂಗ್‌ಗೆ ಆದದ್ದು, ಕಾಸೆಲ್ ಸಮೀಪದ ನಮ್ಮ ಊರಿನಲ್ಲೇ.

ಆ ರಾತ್ರಿ ಕೊನೆಯ ರೈಲು ಹೋದ ಮೇಲೆ ಅವನು ಲಿಂಡನ್ ಮರದ ಕೆಳಗಿನ ಹಳೆಯ ಬಾವಿಯನ್ನು ಸುತ್ತಿಕೊಂಡು ಕೆಲಸಕ್ಕೆ ನಡೆದ. ಹೊಸ ಜೋಡಿಮನೆಗಳ ನಡುಗೋಡೆ ಎಷ್ಟು ಶಬ್ದ ತಡೆಯುತ್ತದೆಂದು ಅಳೆಯುವುದು ಅವನ ಉದ್ಯೋಗ. ರೈಲು ಓಡುವಾಗ ಅಳೆಯಲಾಗದು. ಅಂಥ ಗೋಡೆ ಒಂದಲ್ಲ, ಎರಡು. ನಡುವೆ ಎರಡು ಬೆರಳಿನಷ್ಟು ಸಂದು, ಅದರ ತುಂಬ ನಾರಿನ ಹಾಸು. ಕಟ್ಟುವಾಗ ಒಂದು ಮುದ್ದೆ ಗಾರೆ ಒಳಗೆ ಬಿದ್ದು ಎರಡೂ ಗೋಡೆಗಳನ್ನು ಮುಟ್ಟಿದರೆ ಸಾಕು, ಈಚೆಯ ಮಾತು ಆಚೆಗೆ ದಾಟುತ್ತದೆ. ಮನೆಗೆ ಒಪ್ಪಿಗೆ ಸಿಗುವುದಿಲ್ಲ.

ಕಟ್ಟಿದ ಮೇಸ್ತ್ರಿ ಒಟ್ಮಾರ್ ಬಾಗಿಲಲ್ಲೇ ಕಾದಿದ್ದ.

"ಬಂದ್ಯಾ ಕಿವಿ ಸಾಹೇಬ? ಒಂದು ಹನಿ ಗಾರೆ ಬಿದ್ದಿದ್ರೆ ಮೀಸೆ ಬೋಳಿಸ್ಕೋತೀನಿ."

"ನಿಮಗೆ ಮೀಸೆ ಎಲ್ಲಿದೆ ಮೇಸ್ತ್ರಿ?"

"ಅದಕ್ಕೇ ಧೈರ್ಯ."

ಒಟ್ಮಾರ್ ಎಡಮನೆಯಲ್ಲಿ ದೊಡ್ಡ ಸ್ಪೀಕರ್ ಹಚ್ಚಿದ. ಹೆನಿಂಗ್ ಬಲಮನೆಯ ಮೇಲಿನ ಕೋಣೆಯಲ್ಲಿ ಮಾಪಕ ಹಿಡಿದು ಕುಳಿತ. ಸದ್ದು ಮಾಡೀತೆಂದು ಫೋನನ್ನು ಕೆಳಗೇ ಬಿಟ್ಟಿದ್ದ. ಆಚೆ ಕಿವಿ ಕಿತ್ತುಹೋಗುವ ಭೋರ್ಗರೆತ. ಈಚೆ... ಏನೂ ಇಲ್ಲ. ಅಷ್ಟು ಒಳ್ಳೆಯ ಗೋಡೆಯನ್ನು ಅವನು ಹಿಂದೆಂದೂ ಅಳೆದಿರಲಿಲ್ಲ.

ಅಳತೆ ಮುಗಿಯುವ ಹೊತ್ತಿಗೆ ಗಾಳಿಗೆ ಬಾಗಿಲು ಮುಚ್ಚಿಕೊಂಡಿತು. ಚಿಟಕ್.

ನಮ್ಮಲ್ಲಿ ಕಟ್ಟಡ ಮುಗಿಯುವವರೆಗೆ ಎಲ್ಲ ಬಾಗಿಲುಗಳಿಗೂ ಕಳಚಿ ಸಿಕ್ಕಿಸುವ ಒಂದೇ ಹಿಡಿ, ಅದಿಲ್ಲದೆ ಮುಚ್ಚಿದ ಬಾಗಿಲು ತೆರೆಯದು. ಅದು ಮೇಸ್ತ್ರಿಯ ಜೇಬಿನಲ್ಲಿರುತ್ತದೆ. ಕಿಟಕಿಗೂ ಹಿಡಿ ಜೋಡಿಸಿರಲಿಲ್ಲ.

ಕೂಗಿದ. ಗೋಡೆ ಗುದ್ದಿದ. ಧಪ್... ಧಪ್... ಒಂದು ಮೊಳದಾಚೆ ಮನುಷ್ಯನಿದ್ದರೂ ಕೇಳಿಸದು, ಕೇಳಿಸಬಾರದೆಂದೇ ಕಟ್ಟಿದ್ದು. ಹಸಿ ಸುಣ್ಣದ ವಾಸನೆ ಎದೆಯನ್ನು ಒತ್ತತೊಡಗಿತು.

ಆಗ ಗೋಡೆಯೊಳಗಿಂದ ಉಗುರು ಗೀರಿದ ಸದ್ದು. ಸರ್ರ್... ಸರ್ರ್...

"ಮೇಸ್ತ್ರಿ?"

"ಹ್ಞೂಂ," ಎಂದಿತು ಒಂದು ಪಿಸುದನಿ.

"ಹಿಡಿ ತನ್ನಿ. ಸಿಕ್ಕಿಹಾಕ್ಕೊಂಡಿದೀನಿ."

"ನಾನೂ."

"ತಮಾಷೆ ಬೇಡ. ಬಾಗಿಲು ತೆಗೀರಿ."

ಉಗುರು ಮತ್ತೊಮ್ಮೆ ಗೀರಿತು. ಬಳಿಕ, ಕಿವಿಗೆ ತೀರ ಹತ್ತಿರದಲ್ಲಿ... "ನನ್ನ ಕಡೆ ಬಾಗಿಲೇ ಇಟ್ಟಿಲ್ಲ."

ಒಟ್ಮಾರ್ ಬಂದು ತೆರೆದಾಗ ಹೆನಿಂಗ್ ಎದುರು ಮೂಲೆಯಲ್ಲಿ ಮುದುಡಿಕೊಂಡಿದ್ದ. ಸ್ಪೀಕರ್ ನಿಲ್ಲಿಸಿದ ಮೇಲೆ ಮೇಸ್ತ್ರಿ ಅಷ್ಟು ಹೊತ್ತೂ ಬೀದಿಯಲ್ಲಿ ಸಿಗರೇಟು ಸೇದುತ್ತಿದ್ದನಂತೆ.

"ಗೋಡೆ ಒಡೀರಿ."

"ಪಾಸಾದ ಗೋಡೆನಾ? ತಲೆ ಕೆಟ್ಟಿದ್ಯಾ?"

"ಒಳಗೆ ಯಾರೋ ಇದಾರೆ ಮೇಸ್ತ್ರಿ."

ಎರಡು ಬೆರಳಿನ ಸಂದಿನಲ್ಲಿ ಯಾರಿರಲು ಸಾಧ್ಯ? ಆದರೂ ಅವನ ಮುಖ ನೋಡಿ ಒಟ್ಮಾರ್ ಉಳಿ, ಸುತ್ತಿಗೆ ಎತ್ತಿಕೊಂಡ. ನಾಲ್ಕು ಇಟ್ಟಿಗೆ ತೆಗೆದರು. ಗಾರೆಯ ಮುದ್ದೆಯಿಲ್ಲ. ಯಾರೂ ಇಲ್ಲ.

ಬೆಳಿಗ್ಗೆ ನನ್ನನ್ನೂ ಕರೆದು ತೋರಿಸಿದರು. ನಾರಿನ ಹಾಸಿನ ಮೇಲೆ, ನಿಂತ ಮನುಷ್ಯನ ಬಾಯಿಯೆತ್ತರದಲ್ಲಿ, ಅಂಗೈಯಷ್ಟು ಜಾಗ ಒದ್ದೆಯಾಗಿತ್ತು. ಬೇರೆಲ್ಲ ಕಡೆ ಒಣಗಿಯೇ ಇತ್ತು. ನಾನೇ ಕೈಯಿಟ್ಟು ನೋಡಿದ್ದೇನೆ, ಸುಳ್ಳಲ್ಲ.

ಬೆಚ್ಚಗಿತ್ತು.